ಹರಿಯುವ ಚರಂಡಿಗೆ ರಜೆಯಿಲ್ಲ

ಮುಂಬೈಯ ಗಿರ್ಗಾಂವ್, ಕಾಲಬಾದೇವಿಯಂಥ ಕಡೆ ಒಳಚರಂಡಿಗಾಗಿ ರಸ್ತೆ ಅಗೆದರೆ ಬೈಯದವರಿಲ್ಲ. ಬಸ್ಸು ಸುತ್ತು ಹಾಕುತ್ತದೆ, ಅಂಗಡಿಗೆ ಗಿರಾಕಿ ಬರುವುದಿಲ್ಲ, ಮುಚ್ಚಿದ ಗುಂಡಿ ಮೊದಲ ಮಳೆಗೇ ಕುಸಿಯುತ್ತದೆ. ಬೈಗುಳದಲ್ಲಿ ತಪ್ಪೇನಿಲ್ಲ. ಆದರೆ ದಾರಿಹೋಕರಿಗೆ ಕಾಣುವ ಅಗೆತ ಈ ಕೆಲಸದ ಸುಲಭದ ಭಾಗ.

ನೀರಿನ ಪೈಪಾದರೆ ವಾಲ್ವ್ ತಿರುಗಿಸಿ ನಾಲ್ಕು ಗಂಟೆ ನಿಲ್ಲಿಸಬಹುದು. ಚರಂಡಿಗೆ ಅಂಥ ತಿರುಪು ಇಲ್ಲ. ಮನೆಗಳಲ್ಲಿ ಸ್ನಾನ, ಹೋಟೆಲುಗಳಲ್ಲಿ ಪಾತ್ರೆ ತೊಳೆಯುವುದು ನಡೆದೇ ಇರುತ್ತದೆ. ಹಾಗಾಗಿ ಒಂದು ಮ್ಯಾನ್‌ಹೋಲಿನಲ್ಲಿ ಹರಿವಿಗೆ ಅಡ್ಡ ಕಟ್ಟಿ, ಕೊಳಚೆಯನ್ನು ಪಂಪಿನಿಂದ ಎತ್ತಿ, ತಾತ್ಕಾಲಿಕ ಪೈಪಿನಲ್ಲಿ ಮುಂದಿನ ಮ್ಯಾನ್‌ಹೋಲಿಗೆ ಸಾಗಿಸಬೇಕು. ಪಂಪು ಕೈಕೊಟ್ಟರೆ ಹೊಲಸು ಹಿಂದಕ್ಕೆ ನುಗ್ಗಿ ನೆಲಮಹಡಿಯ ಮನೆಗಳಲ್ಲಿ ಉಕ್ಕುತ್ತದೆ. ಇನ್ನು ಕೇಬಲ್ಲು, ಗ್ಯಾಸ್ ಪೈಪುಗಳ ಮಾತು ಬಿಡಿ: ನಕ್ಷೆಯಲ್ಲಿ ಇರುವುದೊಂದು, ಗುದ್ದಲಿಗೆ ಸಿಗುವುದು ಇನ್ನೊಂದು.

ಅಗೆಯದೆ ಮಾಡುವ ದಾರಿಯೂ ಉಂಟು. ರಾಳದಲ್ಲಿ ನೆನೆಸಿದ ಉದ್ದನೆಯ ಬಟ್ಟೆಯ ಚೀಲವನ್ನು ಹಳೆಯ ಕೊಳವೆಯೊಳಗೆ ತೂರಿಸಿ, ಬಿಸಿನೀರು ಅಥವಾ ಹಬೆಯಿಂದ ಗಟ್ಟಿಯಾಗಿಸುತ್ತಾರೆ. ಹಳೆಯದರೊಳಗೇ ಹೊಸ ಕೊಳವೆ ಸಿದ್ಧ. ಆಮೇಲೆ ಮನೆಗಳಿಂದ ಬರುವ ಬಾಯಿಗಳನ್ನು ಒಳಗಿನಿಂದ ಯಂತ್ರ ಕೊರೆದು ತೆರೆಯುತ್ತದೆ. ಆದರೆ ಪೂರ್ತಿ ಕುಸಿದ ಕೊಳವೆಗೆ ಈ ಒಳಪದರ ಹಾಕಲಾಗುವುದಿಲ್ಲ. ಕ್ಯಾಮೆರಾ ಇಳಿಸಿ ಬಿರುಕು ನೋಡಿದಾಗಲೇ ಮಾಡಬೇಕು. ನೂರು ವರ್ಷ ದಾಟಿದ ಬ್ರಿಟಿಷರ ಕಾಲದ ಚರಂಡಿಗಳಿರುವ ದಕ್ಷಿಣ ಮುಂಬೈಯಲ್ಲಿ ಇದನ್ನು ಮುಂದೂಡುವುದು ಉಳಿತಾಯವಲ್ಲ, ಸಾಲ.

ಆ ಸಾಲ ತೀರಿಸುವವರು ಯಾರು? ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೊಳವೆಯ ನೆತ್ತಿಯಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನು ಸವೆಸುತ್ತದೆ. ಸವೆದ ಕೊಳವೆ ಕಟ್ಟಿಕೊಂಡಾಗ ಒಬ್ಬನನ್ನು ಒಳಗಿಳಿಸುತ್ತಾರೆ. ಅದೇ ಅನಿಲ ಅವನನ್ನು ಕೊಲ್ಲುತ್ತದೆ. ಹೆಚ್ಚಾದಾಗ ಅದು ಮೂಗನ್ನೇ ಮರಗಟ್ಟಿಸುವುದರಿಂದ ವಾಸನೆಯ ಎಚ್ಚರಿಕೆಯೂ ಸಿಗದು. ಸುರಕ್ಷತೆಯಿಲ್ಲದೆ ಹೀಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೇರಿಸಿತು. ಪರಿಹಾರ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲ ಎಂದೇ ಅರ್ಥ.

ಸಂಚಾರಕ್ಕೆ ಅಡ್ಡಿಯಾಗದಿರಲಿ ಎಂದು ಕೆಲಸವನ್ನು ರಾತ್ರಿಯ ಐದಾರು ಗಂಟೆಗೆ ತುರುಕುವುದು ನಗರಗಳಿಗೆ ಜಾಣತನವೆನಿಸುತ್ತದೆ. ಆ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಅನಿಲ ಪರೀಕ್ಷೆ. ಅಂಗಡಿಯವರಿಗೆ ದಿನಾಂಕ ಮೊದಲೇ ತಿಳಿಸಿ ಹತ್ತು ದಿನ ರಸ್ತೆಯನ್ನೇ ಮುಚ್ಚುವುದು ಲೇಸು. ಪಾಲಿಕೆಯ ಟೆಂಡರಿನಲ್ಲಿ ಹೆಚ್ಚುವರಿ ಪಂಪಿಗೂ ಅನಿಲ ಪರೀಕ್ಷೆಗೂ ಬೇರೆಯೇ ದರ ಇರಲಿ, ಅತಿ ಕಡಿಮೆ ಬೆಲೆ ಕೂಗುವ ಗುತ್ತಿಗೆದಾರ ಅವೆರಡನ್ನು ಕತ್ತರಿಸಲು ಆಗದಂತೆ.