ಕೃಷ್ಣಾ ಕಣಿವೆ ಹೋರಿಗೆ ಅಲ್ಲಿ ಬೆಲೆ, ಇಲ್ಲಿ ಬರೀ ಪೂಜೆ

ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ದನಗಳಲ್ಲಿ ಬ್ರಾಹ್ಮನ್ ತಳಿ ಹೆಸರುವಾಸಿ. ದೊಡ್ಡ ಡುಬ್ಬ, ಜೋತುಬಿದ್ದ ಗಂಗೆದೊಗಲು, ಬಿಸಿಲು ತಾಳುವ ಮೈ, ಉಣ್ಣಿಗೆ ಸುಲಭಕ್ಕೆ ಸೋಲದ ಚರ್ಮ. ಈ ಗುಣಗಳೆಲ್ಲ ಭಾರತದಿಂದಲೇ ಹೋದವು. ಗುಜರಾತಿನ ಗಿರ್, ಕಾಂಕ್ರೇಜ್, ಆಂಧ್ರದ ಒಂಗೋಲ್ ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿದೆ. ಅಲ್ಲಿನ ಸಾಕಣೆದಾರರು 1924ರಲ್ಲೇ ಸಂಘ ಕಟ್ಟಿ ವಂಶಾವಳಿ ಬರೆದಿಟ್ಟರು.

ಇಲ್ಲಿ? ಎರೆ ಹೊಲ ಉಳಲೆಂದೇ ಸಾಂಗ್ಲಿ, ಜಮಖಂಡಿ, ಮುಧೋಳ ಸೀಮೆಯಲ್ಲಿ ರೂಪುಗೊಂಡ ಆ ತಳಿಯನ್ನು ಈಗ ಹುಡುಕಬೇಕು. ಮೊದಲ ಪೆಟ್ಟು ಕೊಟ್ಟಿದ್ದು ಟ್ರ್ಯಾಕ್ಟರ್, ಕಾನೂನಲ್ಲ. ಅದನ್ನು ನಾವು ಒಪ್ಪುತ್ತೇವೆ. ಆದರೆ ಉಳಿದಿದ್ದಕ್ಕೂ ದಾರಿ ಮುಚ್ಚಿದ್ದು ಕಾನೂನು.

1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಅಥವಾ ದುಡಿಯಲಾಗದ ಎತ್ತನ್ನು ಪ್ರಮಾಣಪತ್ರ ಪಡೆದು ಕಸಾಯಿಗೆ ಕೊಡಬಹುದಿತ್ತು. 2020ರ ಕಾಯ್ದೆ ಆ ಬಾಗಿಲು ಮುಚ್ಚಿತು. ಈಗ 13 ವರ್ಷ ತುಂಬಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ತಪ್ಪಿದರೆ 3ರಿಂದ 7 ವರ್ಷ ಜೈಲು.

ರೈತನ ಲೆಕ್ಕ ಸರಳ. ಮುದಿ ಎತ್ತು ಮಾರಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸ ಜೋಡಿ ಕಟ್ಟುತ್ತಿದ್ದ. ಈಗ ಮುದಿ ಎತ್ತಿಗೆ ಬೆಲೆಯಿಲ್ಲ, ಮೇವಿನ ಖರ್ಚು ಮಾತ್ರ ಇದೆ. ಎತ್ತಿಗೆ ಬೆಲೆಯಿಲ್ಲವೆಂದರೆ ಗಂಡುಕರು ಯಾರಿಗೆ ಬೇಕು? ಗಂಡುಕರು ಬೇಡವೆಂದರೆ ಹಾಲು ಕಡಿಮೆ ಕೊಡುವ ಜವಾರಿ ಆಕಳನ್ನು ಯಾರು ಕಟ್ಟುತ್ತಾರೆ? ಹಳ್ಳಿಕಾರ್, ಅಮೃತಮಹಲ್, ಕಿಲಾರಿ ಎಲ್ಲವೂ ದುಡಿಮೆಯ ತಳಿಗಳೇ. ಅವುಗಳ ಬದುಕು ನಿಂತಿರುವುದೇ ಎತ್ತಿನ ಬೆಲೆಯ ಮೇಲೆ.

ಗೋಶಾಲೆ ಇದೆಯಲ್ಲ ಎನ್ನುತ್ತಾರೆ. ಗೋಶಾಲೆ ಒಂದು ದನದ ಜೀವ ಉಳಿಸಬಹುದು, ತಳಿ ಉಳಿಸುವುದಿಲ್ಲ. ಒಳ್ಳೆಯ ಹೋರಿ ಆರಿಸಿ, ಆಕಳಿಗೆ ಬಿಟ್ಟು, ಕರು ಬೆಳೆಸುವ ರೈತನಿದ್ದರೆ ಮಾತ್ರ ತಳಿ ಉಳಿಯುತ್ತದೆ.

ಎಲ್ಲರೂ ದನದ ಮಾಂಸ ತಿನ್ನಿ ಎಂದು ನಾವು ಹೇಳುತ್ತಿಲ್ಲ. ತಿನ್ನುವವರ ತಟ್ಟೆಗೆ ಕೈ ಹಾಕಬೇಡಿ, ಸಾಕುವವರ ಜೇಬಿಗೂ ಹಾಕಬೇಡಿ ಎನ್ನುತ್ತಿದ್ದೇವೆ. ಸರ್ಕಾರ 1964ರ ಆ ಬಾಗಿಲನ್ನು ಮತ್ತೆ ತೆರೆಯಲಿ. ಆಗದಿದ್ದರೆ ಪ್ರತಿ ಮುದಿ ಎತ್ತಿನ ಮೇವಿನ ಖರ್ಚನ್ನು ರೈತನ ಖಾತೆಗೆ ಹಾಕಲಿ. ಎರಡೂ ಮಾಡದೆ ದೇಸಿ ತಳಿ ಉಳಿಸಿ ಎಂದು ಭಾಷಣ ಮಾಡುವವರು ಮೊದಲು ಒಂದು ಮುದಿ ಎತ್ತನ್ನು ತಮ್ಮ ಮನೆ ಮುಂದೆ ಕಟ್ಟಿಕೊಳ್ಳಲಿ.