ಮೂವತ್ತು ದಿನದೊಳಗೊಮ್ಮೆ ಹೊಸ್ತಿಲು ದಾಟಲಿ

ಏಳು ತಿಂಗಳಿಗೇ ಹುಟ್ಟಿದ ಕೂಸು ಆಸ್ಪತ್ರೆಯಿಂದ ಮನೆಗೆ ಬಂದರೆ ಎಲ್ಲರಿಗೂ ಅದರ ತೂಕದ್ದೇ ಚಿಂತೆ. ಒಂದೂಕಾಲು ಕೆಜಿ ಇದ್ದದ್ದು ಒಂದೂಮುಕ್ಕಾಲು ಆಯಿತೆಂದರೆ ಅಜ್ಜಿಗೆ ಹೋದ ಜೀವ ಬಂದಂತೆ. ಆಮೇಲೆ ಬಾಣಂತಿ ಕೋಣೆಯ ಬಾಗಿಲು ಮುಚ್ಚುತ್ತದೆ: ಎಣ್ಣೆನೀರು, ಲೋಬಾನದ ಹೊಗೆ, ಕುಲಾವಿ. ಮೂರು ತಿಂಗಳು ಕೂಸನ್ನು ಹೊರಗೆ ಒಯ್ಯುವಂತಿಲ್ಲ. ಈ ಪದ್ಧತಿಯನ್ನು ನಾನು ಹೀಗಳೆಯುವವನಲ್ಲ. ಆದರೆ ದಿನ ತುಂಬದ ಮಗುವಿನ ಕಣ್ಣಿಗೆ ಅದೇ ಮುಳುವಾಗಬಹುದು.

ಗರ್ಭದಲ್ಲಿ ಸುಮಾರು 16ನೇ ವಾರದಿಂದ ರೆಟಿನಾದ ರಕ್ತನಾಳಗಳು ಕಣ್ಣಿನ ನರದ ಬುಡದಿಂದ ಅಂಚಿನತ್ತ ಹಬ್ಬತೊಡಗುತ್ತವೆ. ಕಿವಿಯ ಕಡೆಯ ಅಂಚು ಮುಟ್ಟಲು 40 ವಾರ ಬೇಕು. ಮಗು 30ಕ್ಕೇ ಹುಟ್ಟಿದರೆ ಅಂಚು ಬರಿದಾಗಿಯೇ ಇರುತ್ತದೆ. ಹೊರಗಿನ ಹೆಚ್ಚಿನ ಆಮ್ಲಜನಕಕ್ಕೆ ನಾಳಗಳ ಬೆಳವಣಿಗೆ ನಿಂತುಬಿಡುತ್ತದೆ. ವಾರಗಳು ಕಳೆದು ರೆಟಿನಾ ರಕ್ತಕ್ಕಾಗಿ ಹಟ ಹಿಡಿದಾಗ ಅಡ್ಡಾದಿಡ್ಡಿ ನಾಳಗಳು ಚಿಗುರುತ್ತವೆ. ಅವು ಜಗ್ಗಿದರೆ ರೆಟಿನಾ ಕಳಚಿ ದೃಷ್ಟಿಯೇ ಹೋಗುತ್ತದೆ. ಇದು ಆರ್‌ಒಪಿ, ಅಂದರೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ. 1942ರಲ್ಲಿ ಬಾಸ್ಟನ್ನಿನ ಥಿಯೋಡರ್ ಟೆರಿ ಇದನ್ನು ವರ್ಣಿಸಿದರು. 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಆಮ್ಲಜನಕದತ್ತ ಬೆರಳು ಮಾಡಿದರು.

ಮೇಲ್ನೋಟಕ್ಕೆ ಕಣ್ಣು ಫಳಫಳ ಹೊಳೆಯುತ್ತಿರುತ್ತದೆ, ಅದೇ ತೊಂದರೆ; ತಪಾಸಣೆ ಮಾಡದೆ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ತಪಾಸಣೆಯ ಗೆರೆ 1500 ಗ್ರಾಂ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕೂಸುಗಳಿಗೂ ತಗಲುವುದರಿಂದ 2000 ಗ್ರಾಂಗಿಂತ ಕಡಿಮೆ ಅಥವಾ 34 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳೆಲ್ಲರ ಕಣ್ಣನ್ನೂ 30 ದಿನದೊಳಗೆ ನೋಡಬೇಕು. ತೀರಾ ಸಣ್ಣವಾದರೆ ಎರಡು ಮೂರು ವಾರಕ್ಕೇ. ಲೆಕ್ಕಕ್ಕೆ ಬರುವುದು ಹುಟ್ಟಿದಾಗಿನ ತೂಕ, ಈಗ ಬಂದಿರುವುದಲ್ಲ.

ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ. ಪಾಪೆ ಹಿಗ್ಗಲು ಹನಿ ಹಾಕಿ, ರೆಪ್ಪೆಗೆ ಪುಟ್ಟ ಕ್ಲಿಪ್ ಇಟ್ಟು, ಜೆಲ್ ಸವರಿ ಕ್ಯಾಮೆರಾದ ತುದಿಯನ್ನು ಕಣ್ಣಿಗೆ ತಾಗಿಸುತ್ತಾರೆ. ಕೂಸು ಕಿರುಚುತ್ತದೆ, ನಿಮಿಷಗಳಲ್ಲಿ ಮುಗಿಯುತ್ತದೆ. ದೂರದಲ್ಲಿ ಕೂತ ತಜ್ಞರು ಚಿತ್ರ ನೋಡಿ ಹೇಳುತ್ತಾರೆ. ಲೇಸರ್ ಚಿಕಿತ್ಸೆ ಬೇಕೆಂದರೆ ಎರಡು ಮೂರು ದಿನದೊಳಗೇ ಆಗಬೇಕು.

ಇಷ್ಟೆಲ್ಲ ಇದ್ದೂ ಕೂಸು ಕೈತಪ್ಪುವುದು ಡಿಸ್‌ಚಾರ್ಜ್ ಚೀಟಿಯಲ್ಲಿ. ಕಣ್ಣಿನ ತಪಾಸಣೆಯ ಮಾತು ಎಲ್ಲೋ ಕೆಳಗೆ, ಇಂಗ್ಲಿಷಿನಲ್ಲಿ, ತಾರೀಕಿಲ್ಲದೆ ಇದ್ದರೆ ತವರಿಗೆ ಹೊರಟ ಬಾಣಂತಿ ಅದನ್ನು ಓದುವುದೆಂದು? ತಾರೀಕನ್ನು ಕನ್ನಡದಲ್ಲಿ, ತಾಯಿ ಕಾರ್ಡಿನ ಮೇಲೆಯೇ ಬರೆಯಲಿ. 28ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುವುದು ಹೇಗೂ ನಿಯಮದಲ್ಲೇ ಇದೆ. ತೂಕ ನೋಡುವಾಗಲೇ ಕಣ್ಣು ತೋರಿಸಿಯಾಯಿತೇ ಎಂದು ಕೇಳಲಿ, ಅದೂ ಬಾಣಂತಿಯನ್ನಲ್ಲ, ಅಜ್ಜಿಯನ್ನು. ಕೂಸು ಹೊರಗೆ ಹೋಗಬೇಕೋ ಬೇಡವೋ ಎಂದು ಆ ಮನೆಯಲ್ಲಿ ತೀರ್ಮಾನಿಸುವವರು ಅವರೇ.