ಬೆಲೆ ಹೋಯಿತು, ಬೆಳೆ ಉಳಿಯಿತು

ಧಾರಣೆ ಏರಿದಾಗ ಇನ್ನೆಲ್ಲಿ ಜಾಗವಿದೆ ಎಂದು ನೋಡುವುದು, ಇಳಿದಾಗ ಬೇರೆ ಏನು ನೆಡಬಹುದೆಂದು ಯೋಚಿಸುವುದು ಬೆಳೆಗಾರರಾದ ನಮ್ಮೆಲ್ಲರ ಸ್ವಭಾವ. ಇದರಲ್ಲಿ ತಪ್ಪೇನೂ ಇಲ್ಲ. ಸಂಸಾರ ನಡೆಯಬೇಕು, ಸಾಲ ತೀರಬೇಕು. ಆದರೆ ಹೊಸ ಬೆಳೆಯೊಂದರ ಲೆಕ್ಕ ಹಾಕುವಾಗ ನಾವು ಬರೆಯುವುದು ಸಸಿ, ಗೊಬ್ಬರ, ಆಳುಕೂಲಿಗಳ ಖರ್ಚು ಮತ್ತು ಬರಬಹುದಾದ ಬೆಲೆ, ಇಷ್ಟನ್ನೇ. ಬೆಲೆ ಹೋದ ಮೇಲೆ ಆ ಗಿಡವನ್ನು ಕಿತ್ತು, ನೆಲವನ್ನು ಮೊದಲಿನಂತೆ ಮಾಡುವುದಕ್ಕೆ ಏನಾದೀತು ಎಂಬ ಕಲಮು ನಮ್ಮ ಯಾರ ಪುಸ್ತಕದಲ್ಲೂ ಇಲ್ಲ. ಆ ಕಲಮು ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ಸೇಂಟ್ ಹೆಲೆನಾ ದ್ವೀಪದ ಕತೆಯಿಂದ ತಿಳಿಯಬಹುದು.

ನೆಪೋಲಿಯನ್ನನನ್ನು ಸೆರೆಯಲ್ಲಿಟ್ಟು, 1821ರಲ್ಲಿ ಅವನು ಕೊನೆಯುಸಿರೆಳೆದ ದ್ವೀಪವೆಂದು ಇದರ ಹೆಸರನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಆಫ್ರಿಕದ ಕರಾವಳಿಯಿಂದ ಸುಮಾರು 1,900 ಕಿಲೋಮೀಟರ್ ದೂರದಲ್ಲಿ, ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಇದು ಒಂಟಿಯಾಗಿ ನಿಂತಿದೆ. ವಿಸ್ತೀರ್ಣ 122 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 4,400. 2017ರಲ್ಲಿ ವಿಮಾನ ಸಂಚಾರ ಆರಂಭವಾಗುವ ತನಕ ಹಡಗೊಂದೇ ಅಲ್ಲಿಗೆ ದಾರಿಯಾಗಿತ್ತು. 1659ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಇಲ್ಲಿ ನೆಲೆಯೂರಿತು. ನಮ್ಮ ದೇಶದಿಂದ ಸರಕು ತುಂಬಿಕೊಂಡು ಇಂಗ್ಲೆಂಡಿಗೆ ಮರಳುತ್ತಿದ್ದ ಹಡಗುಗಳು ಇಲ್ಲಿ ನೀರು, ಆಹಾರ ತುಂಬಿಕೊಳ್ಳುತ್ತಿದ್ದವು. 1733ರಲ್ಲಿ ಯೆಮೆನಿನ ಮೋಖಾ ಬಂದರಿನಿಂದ ಕಾಫಿ ಬೀಜ ಬಂದು ಆ ದ್ವೀಪದಲ್ಲಿ ಬೇರುಬಿಟ್ಟಿತು. ಬಾಬಾಬುಡನ್ ಅವರು ತಂದರೆಂದು ನಮ್ಮಲ್ಲಿ ಹೇಳುವ ಏಳು ಬೀಜಗಳೂ ಅದೇ ಮೋಖಾದವು. ಹೀಗೆ ಅಲ್ಲಿಯ ಕಾಫಿ ನಮ್ಮದಕ್ಕೆ ದೂರದ ನೆಂಟ.

ದ್ವೀಪದ ಅತಿ ಎತ್ತರದ ತಾಣ ಡಯಾನಾಸ್ ಪೀಕ್, ಸುಮಾರು 820 ಮೀಟರ್. ಅಂದರೆ ನಮ್ಮ ಮಡಿಕೇರಿಗಿಂತಲೂ ತಗ್ಗು. ಆದರೂ ಸಮುದ್ರದ ಮೇಲಿನಿಂದ ಬೀಸುವ ಆಗ್ನೇಯ ಮಾರುತ ಈ ಏಣಿಗೆ ತಾಗಿ ಮೇಲೇರಿ ಮೋಡವಾಗುತ್ತದೆ. ಮಳೆ ಬೀಳದ ದಿನವೂ ಮಂಜು ಎಲೆಗಳ ಮೇಲೆ ಹನಿಗಟ್ಟಿ, ಪಾಚಿಯಲ್ಲಿ ಇಳಿದು, ಸ್ಪಂಜಿನಂಥ ಮಣ್ಣಿನಲ್ಲಿ ಇಂಗಿ ತೊರೆಯಾಗಿ ಕೆಳಗೆ ಬರುತ್ತದೆ. ಮರದಂತೆ ಬೆಳೆಯುವ ಜರೀಗಿಡ, ಅಲ್ಲಿಯವರು ಕರಿ ಕೋಸಿನ ಮರವೆಂದು ಕರೆಯುವ, ನಮ್ಮ ಸೇವಂತಿಗೆಯ ಕುಟುಂಬಕ್ಕೇ ಸೇರಿದ ಮರ, ಮೈತುಂಬ ಮುಳ್ಳಿರುವ ಪುಟ್ಟ ಹಳದಿ ಹುಳ, ಇವು ಭೂಮಿಯ ಮೇಲೆ ಬೇರೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ದ್ವೀಪದ ಜನ ಕುಡಿಯುವ ನೀರಿಗೂ ಈ ಮಂಜಿನ ಕಾಡೇ ಬಹುಮಟ್ಟಿಗೆ ಆಧಾರ.

ಈ ದ್ವೀಪದ ಕಾಡಿಗೆ ಮೊದಲ ಪೆಟ್ಟು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬಿಟ್ಟ ಆಡುಗಳಿಂದ ಬಿತ್ತು. ಸೌದೆಗೆ ಕಡಿದದ್ದು ಎರಡನೆಯದು. ಎತ್ತರದ ಮಂಜಿನ ಕಾಡನ್ನು ಮೂಲೆಗೆ ತಳ್ಳಿದ್ದು ಮಾತ್ರ ಒಂದು ವಾಣಿಜ್ಯ ಬೆಳೆ. ನ್ಯೂಜಿಲೆಂಡಿನಿಂದ ತಂದ, ಕತ್ತಾಳೆಯಂತೆ ಉದ್ದ ಎಲೆಗಳಿರುವ ನಾರಿನ ಗಿಡ ಅದು. 1907ರಿಂದ ನಾರು ತೆಗೆಯುವ ಉದ್ಯಮ ಅಲ್ಲಿ ಭದ್ರವಾಗಿ ನಿಂತಿತು. ಮಹಾಯುದ್ಧಗಳ ಕಾಲದಲ್ಲಿ ಹಗ್ಗ ಹುರಿಗಳಿಗೆ ಒಳ್ಳೆಯ ಬೆಲೆ ಬಂತು. ಕಾಡು ಸವರಿ ಏಣಿಯ ತನಕ ನಾರಿನ ಗಿಡ ನೆಟ್ಟರು. ದ್ವೀಪದ ಸಂಸಾರಗಳು ಅದರಿಂದಲೇ ನಡೆದವು. ಬ್ರಿಟನ್ನಿನ ಅಂಚೆ ಇಲಾಖೆ ಟಪಾಲು ಕಟ್ಟುವ ಹುರಿಗಾಗಿ ಈ ನಾರನ್ನು ಕೊಳ್ಳುತ್ತಿತ್ತು. 1960ರ ದಶಕದಲ್ಲಿ ಆ ಇಲಾಖೆ ಕೃತಕ ನೂಲಿಗೆ ತಿರುಗಿತು. 1966ರಲ್ಲಿ ಕೊನೆಯ ಕಾರ್ಖಾನೆಯ ಬಾಗಿಲು ಮುಚ್ಚಿತು.

ಕಾರ್ಖಾನೆ ಮುಚ್ಚಿತೆಂದು ಗಿಡಕ್ಕೆ ಯಾರು ಹೇಳಬೇಕು? ಅದು ಬೆಳೆಯುತ್ತಲೇ ಹೋಯಿತು, ತಾನಾಗಿ ಹಬ್ಬಿತು. ಅದರ ದಟ್ಟ ಬುಡದಲ್ಲಿ ನಾಡ ಮರದ ಒಂದು ಸಸಿಯೂ ಏಳಲಾರದು. ಮಂಜಿನ ಕಾಡು ಇಂದು ಏಣಿಯ ಮೇಲೆ ತುಂಡುತುಂಡಾಗಿ ಮಾತ್ರ ಉಳಿದಿದೆ. ನಾರು ಬೆಳೆದ ಆ ಜನರನ್ನು ಅವಿವೇಕಿಗಳೆಂದು ನಾವು ಕರೆಯಲಾರೆವು. ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು. ಒಬ್ಬನೇ ಗಿರಾಕಿಯನ್ನು ನಂಬಿ ನೀರಿನ ತಲೆಯ ಮೇಲೆ ನೆಟ್ಟದ್ದೇ ಅವರಿಗೆ ಮುಳುವಾಯಿತು.

ಈಗ ಆ ಕಾಡನ್ನು ಮರಳಿ ಕಟ್ಟುವ ಕೆಲಸ ನಡೆದಿದೆ. 1996ರಲ್ಲಿ ಆ ಶಿಖರಗಳನ್ನು ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಿದರು. ಇತ್ತೀಚಿನ ವರ್ಷಗಳಲ್ಲಿ ದ್ವೀಪದ ಸರ್ಕಾರ, ಅಲ್ಲಿಯ ನ್ಯಾಷನಲ್ ಟ್ರಸ್ಟ್, ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಘ ಮತ್ತು ನೀರು ಸರಬರಾಜು ಮಾಡುವ ಸಂಸ್ಥೆ ಒಂದಾಗಿ ದೊಡ್ಡ ಯೋಜನೆಯನ್ನು ಕೈಗೊಂಡಿವೆ. ನೀರಿನ ಸಂಸ್ಥೆ ಕಾಡಿನ ಕೆಲಸದಲ್ಲಿ ಪಾಲುದಾರನಾಗಿರುವುದನ್ನು ಗಮನಿಸಬೇಕು. ಕೆಲಸದ ಕ್ರಮವೂ ನಾವು ಕಲಿಯತಕ್ಕದ್ದು. ಇಡೀ ಗುಡ್ಡದ ನಾರನ್ನು ಒಂದೇ ಸಲ ಕಿತ್ತರೆ ಕಡಿದಾದ ಇಳಿಜಾರಿನ ಮಣ್ಣು ಕೊಚ್ಚಿಹೋಗುತ್ತದೆ, ಬೇರೆ ಕಳೆ ನುಗ್ಗುತ್ತದೆ, ಅದರ ನೆರಳನ್ನೇ ಆಶ್ರಯಿಸಿದ ಹುಳಹುಪ್ಪಟೆಗಳಿಗೂ ನೆಲೆಯಿಲ್ಲದಾಗುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪ ಜಾಗದಲ್ಲಿ ನಾರು ತೆಗೆದು, ಸಸಿಮಡಿಯಲ್ಲಿ ಬೆಳೆಸಿದ ನಾಡ ಗಿಡಗಳನ್ನು ನೆಟ್ಟು, ಅವು ನೆಲ ಹಿಡಿದ ಮೇಲೆ ಮುಂದಕ್ಕೆ ಹೋಗುತ್ತಾರೆ. ಕಡಿಯಲು ಒಂದು ತಲೆಮಾರು ಸಾಕಾಗಿತ್ತು. ಕಟ್ಟಲು ಎಷ್ಟು ತಲೆಮಾರು ಬೇಕೋ!

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲೇ ಸಾಕ್ಷಿ ಇದೆ. ಸೇಂಟ್ ಹೆಲೆನಾ ಆಲಿವ್ ಎಂಬ ಮರ ನಾಶವಾಯಿತೆಂದು ತಿಳಿದಿದ್ದಾಗ, 1977ರಲ್ಲಿ ಜಾರ್ಜ್ ಬೆಂಜಮಿನ್ ಎಂಬ ದ್ವೀಪವಾಸಿ ಒಂದೇ ಒಂದು ಮರವನ್ನು ಕಂಡುಹಿಡಿದರು. ಒಂಟಿ ಮರ ತನ್ನ ಹೂವಿನಿಂದಲೇ ಸುಲಭವಾಗಿ ಬೀಜ ಕಟ್ಟುವ ಜಾತಿ ಅದಾಗಿರಲಿಲ್ಲ. 1994ರಲ್ಲಿ ಆ ಮರ ಸತ್ತಿತು. ಸಾಕಿ ಬೆಳೆಸಿದ ಕೊನೆಯ ಗಿಡವೂ 2003ರಲ್ಲಿ ಒಣಗಿತು. ಅದೇ ಬೆಂಜಮಿನ್ ಅವರು 1980ರಲ್ಲಿ ದ್ವೀಪದ ಕರಿಮರದ ಎರಡು ಪೊದೆಗಳನ್ನು ಕಡಿದಾದ ಬಂಡೆಯ ಮೇಲೆ ಗುರುತಿಸಿದರು. ಅವುಗಳ ಕಡ್ಡಿ ತಂದು ನೆಟ್ಟು ಬೆಳೆಸಿದ್ದರಿಂದ ಇಂದು ಆ ಜಾತಿಯ ಸಾವಿರಾರು ಗಿಡಗಳಿವೆ. ಒಂದು ಮರಕ್ಕೆ ಕಾಲ ಮೀರಿತ್ತು, ಇನ್ನೊಂದಕ್ಕೆ ಮೀರಿರಲಿಲ್ಲ.

ನಮ್ಮ ಮಾತಿಗೆ ಬರೋಣ. ನಮ್ಮ ಗುಡ್ಡದ ನೆತ್ತಿಗಳಲ್ಲಿ, ಬಾಬಾಬುಡನ್‌ಗಿರಿ, ಕುದುರೆಮುಖ, ಬ್ರಹ್ಮಗಿರಿಗಳ ಮಡಿಲಲ್ಲಿರುವ ಶೋಲಾ ಕಾಡುಗಳೂ ಹೀಗೆಯೇ ಮಂಜನ್ನು ಹಿಡಿದು ಹಳ್ಳಕ್ಕೆ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ, ಕಾವೇರಿ ಹುಟ್ಟುವುದು ಇಂಥ ಎತ್ತರಗಳಲ್ಲೇ. ಅದರ ಕೆಳಗಿನ ತೋಟಗಳಲ್ಲಿ ನಂದಿ, ಹೊನ್ನೆ, ಅತ್ತಿ, ಬಸರಿ, ಹಲಸುಗಳ ನೆರಳು ತೆಳುವಾಗಿ ಸಿಲ್ವರ್ ಒಂದೇ ಸಾಲುಗಟ್ಟುತ್ತಿರುವುದನ್ನು ಕಾಣುತ್ತಿದ್ದೇವೆ. ಸೊಪ್ಪಿನ ಬೆಟ್ಟದಲ್ಲಿ ಅಕೇಶಿಯ ಬೆಳೆದರೆ ತೋಟಕ್ಕೆ ಒಳ್ಳೆಯ ಸೊಪ್ಪು ಸಿಗದೆಂಬುದನ್ನು ಅಡಿಕೆಯವರಿಗೆ ಹೇಳಬೇಕಾಗಿಲ್ಲ. ಸಿಲ್ವರ್ ಆ ನಾರಿನ ಗಿಡದಷ್ಟು ಕೆಟ್ಟದ್ದೆಂದು ನಮ್ಮ ವಾದವಲ್ಲ. ಅದು ಮೆಣಸಿನ ಬಳ್ಳಿಗೆ ಆಸರೆ, ಕಷ್ಟಕಾಲಕ್ಕೆ ಕೈಗೆ ಸಿಗುವ ದುಡ್ಡು. ಕಾಡುಮರವಾದರೆ ತಾನೇ ನೆಟ್ಟದ್ದನ್ನು ಕಡಿಯುವುದಕ್ಕೂ ಅಪ್ಪಣೆಗಾಗಿ ಅಲೆಯಬೇಕು. ಎರಡು ಎಕರೆಯ ಸದಸ್ಯ ಸಿಲ್ವರ್ ನೆಟ್ಟರೆ ಅವನನ್ನು ದೂರುವುದು ನ್ಯಾಯವಲ್ಲ. ಎಲ್ಲವನ್ನೂ ಒಂದಕ್ಕೇ ಒಪ್ಪಿಸುವುದು ಅಪಾಯ ಎಂದಷ್ಟೇ ನಮ್ಮ ಅಭಿಪ್ರಾಯ.

ಸಂಘ ಮೂರು ಕೆಲಸ ಮಾಡಬಹುದೆಂದು ತೋರುತ್ತದೆ. ಮೊದಲನೆಯದು, ನೀರಿನ ಸೆಲೆಯ ಮೇಲ್ಭಾಗದಲ್ಲಿ ಉಳಿದಿರುವ ಕಾಡಿನ ತುಂಡನ್ನು ಯಾವ ಬೆಳೆಗೂ ಸವರುವುದಿಲ್ಲವೆಂದು ಸದಸ್ಯರು ತಾವಾಗಿಯೇ ಒಪ್ಪಿಕೊಳ್ಳುವುದು. ಎರಡನೆಯದು, ಕಾಫಿ, ಮೆಣಸು, ಅಡಿಕೆ ಸಸಿಗಳ ಜೊತೆಗೆ ನಾಡ ನೆರಳುಮರಗಳ ಸಸಿಯನ್ನೂ ಸಂಘವೇ ಬೆಳೆಸಿ ಅದೇ ದರದಲ್ಲಿ ಕೊಡುವುದು. ಒಂದು ಸಿಲ್ವರ್ ಕಡಿದಲ್ಲಿ ಒಂದು ನಾಡ ಮರ ನೆಟ್ಟರೆ ಸಾಕು, ತೋಟದ ನೆರಳು ಕೆಡದೆ ನಿಧಾನವಾಗಿ ಬದಲಾದೀತು. ಮೂರನೆಯದು, ಸ್ವಂತ ಜಮೀನಿನಲ್ಲಿ ನೆಟ್ಟು ಬೆಳೆಸಿದ ಕಾಡುಮರವನ್ನು ಕಡಿಯುವ ಹಕ್ಕು ಸುಲಭವಾಗುವಂತೆ ಸರ್ಕಾರವನ್ನು ಒತ್ತಾಯಿಸುವುದು. ನೆಟ್ಟವನಿಗೆ ಫಲ ಸಿಗದಿದ್ದರೆ ಯಾರೂ ನೆಡುವುದಿಲ್ಲ.

ಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಕೋರುತ್ತೇವೆ. ಒಪ್ಪದವರೂ ಬಂದು ತಮ್ಮ ಲೆಕ್ಕವನ್ನು ಮುಂದಿಡಲಿ. ಆ ಲೆಕ್ಕದಲ್ಲಿ ಕೀಳುವ ಖರ್ಚಿನ ಕಲಮೂ ಇರಲಿ, ಹಳ್ಳದ ನೀರಿನ ಕಲಮೂ ಇರಲಿ.